ಇಪ್ಪತ್ತು ಎಪ್ಪತ್ತಾಗುವ ದಾರಿ

ಫೋನಿನಲ್ಲಿ ವ್ಯಾಪಾರ ಮಾಡುವ ಕನ್ನಡಿಗರಿಗೆ ಅತಿ ಹೆಚ್ಚು ನಷ್ಟ ಮಾಡಿದ ಪದಗಳು ಯಾವುವು ಎಂದು ಕೇಳಿದರೆ, ಇಪ್ಪತ್ತು ಮತ್ತು ಎಪ್ಪತ್ತು ಎನ್ನುತ್ತೇನೆ. ಲಾರಿ ಹಾರನ್ನಿನ ನಡುವೆ, ಸಿಗ್ನಲ್ ಸಿಗದ ಗೋಡೌನಿನ ಮೂಲೆಯಲ್ಲಿ, ಮೊದಲಕ್ಷರ ಕಳೆದುಹೋದರೆ ಉಳಿಯುವುದು ಒಂದೇ ಸದ್ದು.

ಇದನ್ನು ನಾನು ಕಲಿತದ್ದು ದಾವಣಗೆರೆಯಲ್ಲಿ. ನನ್ನ ಸೋದರಮಾವನದು ಅಲ್ಲಿ ಬಿಸ್ಕತ್ತು, ಸೋಪು, ಟೀಪುಡಿಯ ಏಜೆನ್ಸಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಎರಡು ವರ್ಷ ನಾನು ಅಲ್ಲಿ ಬಿಲ್ ಬರೆಯುತ್ತ ಕೂತಿದ್ದೆ. ಗಣೇಶನ ಹಬ್ಬಕ್ಕೆ ಹತ್ತು ದಿನ ಇರುವಾಗ ಕಂಪನಿಯ ಡಿಪೋಗೆ ಫೋನ್ ಮಾಡಿ ಇಂಡೆಂಟ್ ಹೇಳಿದವನು ನಾನೇ. ಕ್ರೀಮ್ ಬಿಸ್ಕತ್ತು ಇಪ್ಪತ್ತು ಕೇಸು. ಆ ಕಡೆಯವರು ಬರೆದುಕೊಂಡರು. ನಾಲ್ಕನೆಯ ದಿನ ಲಾರಿ ಬಂತು, ಹಮಾಲರು ಇಳಿಸಿದರು. ಅವರಲ್ಲೊಬ್ಬ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, "ಸಾವ್ಕಾರ್ರೇ, ಎಪ್ಪತ್ತೂ ಇಳಿಸಿ ಆತು. ಒಳಗ ಜಾಗ ಇಲ್ಲ, ಎಲ್ಲಿ ಇಡಾಣ?" ಎಂದ.

ಮಾವ ನನ್ನ ಮುಖ ನೋಡಿದರು. ನಾನು ಇಂಡೆಂಟ್ ಪುಸ್ತಕ ತೆಗೆದು ತೋರಿಸಿದೆ. ಅದರಲ್ಲಿ 20 ಎಂದೇ ಇತ್ತು. ಡಿಪೋದವರ ಪುಸ್ತಕದಲ್ಲಿ 70. ವಾಪಸ್ ಕಳಿಸಿದರೆ ಲಾರಿ ಬಾಡಿಗೆ ನಮ್ಮ ಮೈಮೇಲೆ. ಇಟ್ಟುಕೊಂಡೆವು. ಮಾವ ಬೈಯಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ, "ನೀ ಹೇಳಿದ್ದು ಸರಿ, ಅವ ಕೇಳಿದ್ದನ್ನೇ ಬರದಾನ. ಮತ್ತ ತಪ್ಪು ಎಲ್ಲಿ ಆತಪ್ಪ?" ಎಂದರು. ಹಬ್ಬಕ್ಕೆ ಒಂದಷ್ಟು ಹೋಯಿತು, ದೀಪಾವಳಿಗೆ ಇನ್ನೊಂದಷ್ಟು. ಕೊನೆಗೆ ಎಕ್ಸ್‌ಪೈರಿ ಆದದ್ದು 18 ಕೇಸು. ಕೇಸಿಗೆ 600ರಂತೆ 10,800 ರೂಪಾಯಿ. ನೂರು ರೂಪಾಯಿ ಮಾಲು ಮಾರಿದರೆ ನಮಗೆ ಉಳಿಯುತ್ತಿದ್ದದ್ದು ಐದು. ಅಂದರೆ ಕಳೆದುಕೊಂಡ ಅಷ್ಟನ್ನು ಮತ್ತೆ ದುಡಿಯಲು 2,16,000 ರೂಪಾಯಿಯ ಮಾಲು ಮಾರಬೇಕಿತ್ತು.

ಮಾವನ ಪ್ರಶ್ನೆಗೆ ಉತ್ತರ ಆಮೇಲೆ ನಿಧಾನವಾಗಿ ಹೊಳೆಯಿತು. ಆ 20 ನನ್ನ ಪುಸ್ತಕದಲ್ಲಿ ಹುಟ್ಟಿದಾಗ ಸರಿಯಾಗಿಯೇ ಇತ್ತು. ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಹೋಗುವ ದಾರಿಯಲ್ಲಿ ಕೆಟ್ಟಿತು. ಪೂರೈಕೆ ಸರಪಳಿ ಎಂಬ ದೊಡ್ಡ ಮಾತಿನೊಳಗೆ ನಡೆಯುವುದು ಇಷ್ಟೇ: ಸರಕು ಮುಂದಕ್ಕೆ ಹೋಗುತ್ತದೆ, ದುಡ್ಡು ಹಿಂದಕ್ಕೆ ಬರುತ್ತದೆ, ಇವೆರಡರ ಜೊತೆಗೆ ಅಂಕಿಗಳು ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ. ಸರಕು ಒಡೆಯದಂತೆ ನಾವು ಹುಲ್ಲು ಹಾಸುತ್ತೇವೆ, ದುಡ್ಡಿಗೆ ಬೀಗ ಹಾಕುತ್ತೇವೆ. ಅಂಕಿಯನ್ನು ಮಾತ್ರ ಯಾರ ಕಾವಲೂ ಇಲ್ಲದೆ ಬಿಟ್ಟುಬಿಡುತ್ತೇವೆ.

ಒಂದು ಅಂಕಿ ಎಷ್ಟು ಕಡೆ ಬರೆಯಲ್ಪಡುತ್ತದೆ ಎಂದು ಒಮ್ಮೆ ನಾನು ಎಣಿಸಿದೆ. ಸೇಲ್ಸ್‌ಮನ್ ಅಂಗಡಿಯಲ್ಲಿ ನಿಂತು ಆರ್ಡರ್ ಪುಸ್ತಕದಲ್ಲಿ ಬರೆಯುತ್ತಾನೆ. ಸಂಜೆ ಆಫೀಸಿಗೆ ಬಂದು ಓದಿ ಹೇಳುತ್ತಾನೆ, ಗುಮಾಸ್ತ ಇನ್ನೊಂದು ಹಾಳೆಗೆ ಇಳಿಸುತ್ತಾನೆ. ಅದನ್ನು ನೋಡಿ ಬಿಲ್ ಆಗುತ್ತದೆ. ಬಿಲ್ ನೋಡಿ ಗೋಡೌನಿನವನು ಲೋಡಿಂಗ್ ಚೀಟಿ ಬರೆಯುತ್ತಾನೆ. ಅದರಿಂದ ವ್ಯಾನಿನ ಹುಡುಗನ ಟ್ರಿಪ್ ಶೀಟು. ಆಮೇಲೆ ಸ್ಟಾಕ್ ರಿಜಿಸ್ಟರಿನಲ್ಲಿ ಕಳೆಯುವುದು, ವಸೂಲಿ ಪುಸ್ತಕಕ್ಕೆ ಏರಿಸುವುದು, ತಿಂಗಳ ಕೊನೆಗೆ ಕಂಪನಿಗೆ ಕಳಿಸುವ ಪಟ್ಟಿಗೆ ಸೇರಿಸುವುದು. ಒಟ್ಟು ಎಂಟು ಕಡೆ. ಒಬ್ಬ ಎಚ್ಚರದ ಗುಮಾಸ್ತ ಇನ್ನೂರು ಸಲ ಬರೆದರೆ ಒಂದು ಸಲ ತಪ್ಪುತ್ತಾನೆ ಎಂದಿಟ್ಟುಕೊಳ್ಳಿ. ಅದು ಒಳ್ಳೆಯ ಕೈಯೇ. ಆದರೂ ಎಂಟು ಕಡೆ ಬರೆಯಬೇಕಾದ ಪ್ರತಿ ಅಂಕಿಯಲ್ಲಿ ಎಲ್ಲಾದರೊಂದು ಕಡೆ ತಪ್ಪು ನುಸುಳುವ ಸಂಭವ ಇಪ್ಪತ್ತೈದಕ್ಕೆ ಒಂದು. ದಿನಕ್ಕೆ 400 ಸಾಲು ಬಿಲ್ ಆಗುವ ಏಜೆನ್ಸಿಯಲ್ಲಿ ಅದು ದಿನಕ್ಕೆ ಹದಿನಾರು ತಪ್ಪು. ಯಾರೂ ಸೋಮಾರಿಗಳಲ್ಲದ, ಯಾರೂ ಕಳ್ಳರಲ್ಲದ ಜಾಗದಲ್ಲಿ.

ಹಾಗಾಗಿ ಆಟೊಮೇಷನ್ ಎಂದಾಗ ನನ್ನ ಕಣ್ಣಿಗೆ ಕಟ್ಟುವುದು ಗೋಡೌನಿನಲ್ಲಿ ಓಡಾಡುವ ರೋಬೋಟ್ ಅಲ್ಲ. ಸೇಲ್ಸ್‌ಮನ್ ಅಂಗಡಿ ಮುಂದೆ ನಿಂತು ಮೊಬೈಲಿನಲ್ಲಿ 20 ಎಂದು ಒತ್ತಿದರೆ, ಅದೇ 20 ಬಿಲ್ಲಾಗಿ, ಲೋಡಿಂಗ್ ಚೀಟಿಯಾಗಿ, ಸ್ಟಾಕಿನಲ್ಲಿ ಕಳೆದ ಲೆಕ್ಕವಾಗಿ, ಅಂಗಡಿಯವನ ಬಾಕಿಯಾಗಿ ತಾನೇ ಹರಿದುಹೋಗುವುದು. ಒಂದು ಸಲ ಬರೆದದ್ದನ್ನು ಇನ್ನೊಬ್ಬರು ಮತ್ತೆ ಬರೆಯದಿರುವುದು. ನಮ್ಮ ನಾಡಿನ ಸಾವಿರಾರು ಅಂಗಡಿಗಳಿಗೆ ಕಂಪ್ಯೂಟರ್ ಲೆಕ್ಕ ಕಲಿಸಿದ ಟ್ಯಾಲಿ ಹುಟ್ಟಿದ್ದೂ ಇಂಥ ಕಷ್ಟದಿಂದಲೇ. ಬೆಂಗಳೂರಿನ ಶ್ಯಾಮ್ ಸುಂದರ್ ಗೋಯಂಕಾ ಕಾರ್ಖಾನೆಗಳಿಗೆ ಕಚ್ಚಾ ಮಾಲು, ಬಿಡಿಭಾಗ ಪೂರೈಸುತ್ತಿದ್ದವರು. ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರಿಗೆ ಬರೆಯಲು ಹೇಳಿದರು. 1986ರಲ್ಲಿ ಕಂಪನಿ ಶುರುವಾಯಿತು. ಪೂರೈಕೆದಾರನೊಬ್ಬನ ಗೋಳು ಅದರ ಬೇರು.

ಅಂಕಿ ಹುಟ್ಟಿದಲ್ಲೇ ಹಿಡಿದಿಡುವುದು ಎಂದರೇನು ಎಂಬುದನ್ನು ನೋಡಬೇಕಾದರೆ ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ಹೋಗಬೇಕಿಲ್ಲ. ಬೆಳಗಿನ ಜಾವ ಯಾವುದಾದರೂ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಲ್ಲಿ ನಿಂತರೆ ಸಾಕು. ಹಳ್ಳಿಯವರ ಬಾಯಲ್ಲಿ ಅದು ಡೇರಿ. ಹಿಂದೆ ಅಲ್ಲಿ ಹಾಲನ್ನು ಲೀಟರ್ ಅಳತೆಯಲ್ಲಿ ಅಳೆದು, ಲ್ಯಾಕ್ಟೋಮೀಟರ್ ಮುಳುಗಿಸಿ ಡಿಗ್ರಿ ನೋಡಿ, ಕಾರ್ಯದರ್ಶಿ ಪುಸ್ತಕಕ್ಕೊಂದು, ಪಾಸ್‌ಬುಕ್ಕಿಗೊಂದು ಬರೆಯುತ್ತಿದ್ದರು. ಕೊಬ್ಬಿನಂಶ ನೋಡಬೇಕಾದರೆ ಗರ್ಬರ್ ವಿಧಾನ. ಗಾಜಿನ ನಳಿಕೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಮುಚ್ಚಳ ಬಿಗಿದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಕೊಬ್ಬಿನ ಗೆರೆಯನ್ನು ಕಣ್ಣಿಗೆ ಹಿಡಿದು ಓದಬೇಕು. ಆಮ್ಲದ ಕೆಲಸ, ಕೈ ಸುಟ್ಟುಕೊಂಡವರಿದ್ದಾರೆ. ಸರದಿಯಲ್ಲಿ ನೂರು ಜನ ಕ್ಯಾನು ಹಿಡಿದು ನಿಂತಿರುವಾಗ ಪ್ರತಿಯೊಬ್ಬರಿಗೂ ಇದನ್ನು ಮಾಡುವುದು ಆಗದ ಮಾತು. ಮಾದರಿ ತೆಗೆದಿಟ್ಟು ಆಮೇಲೆ ನೋಡುತ್ತಿದ್ದರು. ಆಮೇಲೆ ಎಂಬ ಆ ಬಿಡುವಿನಲ್ಲಿ 3.8 ಇದ್ದದ್ದು 3.3 ಆಗಲು ಮಸಿ ಒರೆಸಿದ ಒಂದು ಗುರುತು ಸಾಕಿತ್ತು.

ಈಗ ತುಂಬ ಕಡೆ ಚಿತ್ರ ಬೇರೆ. ಹಾಲು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿನ ಪಾತ್ರೆಗೆ ಬೀಳುತ್ತದೆ. ಒಂದು ಚಮಚದಷ್ಟು ಹಾಲು ಪಕ್ಕದ ಯಂತ್ರಕ್ಕೆ ಹೋಗುತ್ತದೆ. ಅದು ಶಬ್ದದ ಅಲೆಗಳನ್ನು ಹಾಲಿನ ಮೂಲಕ ಹಾಯಿಸಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟೆಂದು ಒಂದು ನಿಮಿಷದೊಳಗೆ ಹೇಳುತ್ತದೆ. ತೂಕ, ಗುಣಮಟ್ಟ ಎರಡೂ ನೇರವಾಗಿ ಕಂಪ್ಯೂಟರಿಗೆ ಹೋಗಿ, ದರದ ಪಟ್ಟಿಯೊಂದಿಗೆ ಗುಣಿಸಿ, ಚೀಟಿ ಹೊರಬರುತ್ತದೆ. ನಾನು ನೋಡಿದ ಒಂದು ಡೇರಿಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಚೀಟಿಯನ್ನು ತಿರುಗಿಸಿ, ಬೆರಳಿಂದ ತೋರಿಸುತ್ತ, "ಇದ್ ಹಾಲು, ಇದ್ ಫ್ಯಾಟು, ಇದ್ ದುಡ್ಡು" ಎಂದು ಪಕ್ಕದ ಸೊಸೆಗೆ ಓದಿ ಹೇಳುತ್ತಿದ್ದರು. ಅಕ್ಷರ ಬಾರದವರು. ಮೂರು ಅಂಕಿಗಳ ಜಾಗ ಅವರಿಗೆ ಗೊತ್ತು. ಬಟವಾಡೆಯ ದಿನ ಹಣ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ.

ಇದರ ಗಾತ್ರ ನೆನಪಿಸಿಕೊಳ್ಳಿ. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾಗಿ 1984ರಲ್ಲಿ ಹಾಲು ಮಹಾಮಂಡಳವಾದ ಕೆಎಂಎಫ್, 2024ರ ಜೂನ್ ಕೊನೆಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಂಗ್ರಹ ದಾಟಿತು. ಒಂದು ಕೋಟಿ ಲೀಟರ್ ಎಂದರೆ ಎರಡು, ಮೂರು, ಆರು ಲೀಟರುಗಳ ಲಕ್ಷಾಂತರ ಸಣ್ಣ ವ್ಯವಹಾರಗಳು, ದಿನಕ್ಕೆ ಎರಡು ಹೊತ್ತು. ಕೆಡುವ ಸರಕು, ಕಾಯಲಾಗದ ಸರಕು. ಇಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಇಳಿಸುವ ಒಂದೊಂದು ಸಲವೂ ಯಾರದೋ ಮನೆಯ ಹಿಂಡಿ ಬೂಸಾದ ದುಡ್ಡು. ಆಟೊಮೇಷನ್ನಿನ ಲಾಭ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಆ ಚೀಟಿಯನ್ನು ನೆನೆಯುತ್ತೇನೆ.

ಇದೇ ವಿಚಾರ ದೇಶದ ಮಟ್ಟದಲ್ಲಿ ಬಂದದ್ದು ಜಿಎಸ್‌ಟಿಯ ಜೊತೆ. 2017ರ ಜುಲೈನಲ್ಲಿ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು. ಅದೇ ವರ್ಷದ ಸೆಪ್ಟೆಂಬರ್ 12ರಂದು ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ಇ-ವೇ ಬಿಲ್ ಜಾರಿಗೆ ತಂದಿತು. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕು ರಸ್ತೆಗಿಳಿಯುವ ಮೊದಲೇ ಅದರ ವಿವರ ಮತ್ತು ಲಾರಿಯ ನಂಬರ್ ಒಂದು ಕಡೆ ದಾಖಲಾಗಬೇಕು. ಆಮೇಲೆ ಬಂದ ಇ-ಇನ್‌ವಾಯ್ಸ್ ಇನ್ನೂ ಮುಖ್ಯ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾದದ್ದು ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟಿಗೆ 5 ಕೋಟಿಗೆ ಬಂತು. ಮಾರಿದವನು ಬಿಲ್ ಮಾಡಿ ಪೋರ್ಟಲಿಗೆ ಕಳಿಸಿದರೆ ಅದಕ್ಕೊಂದು ವಿಶಿಷ್ಟ ಸಂಖ್ಯೆ, ಕ್ಯೂಆರ್ ಕೋಡ್ ಬರುತ್ತದೆ. ಅದೇ ವಿವರ ಅವನ ತೆರಿಗೆ ರಿಟರ್ನಿಗೆ ತಾನೇ ಹೋಗುತ್ತದೆ, ಇ-ವೇ ಬಿಲ್ಲಿನ ಮೊದಲ ಭಾಗವನ್ನು ತುಂಬುತ್ತದೆ, ಕೊಂಡವನ ಖಾತೆಯಲ್ಲಿ ಕಾಣಿಸುತ್ತದೆ. ಬಹಳ ವ್ಯಾಪಾರಿಗಳು ಇದನ್ನು ಸರ್ಕಾರದ ಇನ್ನೊಂದು ಕಾಟ ಎಂದಷ್ಟೇ ನೋಡುತ್ತಾರೆ. ಮಾರಿದವನ ಬಿಲ್ಲನ್ನು ಕೊಂಡವನ ಗುಮಾಸ್ತ ಮತ್ತೆ ಕುಟ್ಟಬೇಕಾದ ಕೆಲಸವನ್ನು ಇದರಿಂದ ತಪ್ಪಿಸಬಹುದು ಎಂಬುದನ್ನು ಗಮನಿಸಿದವರು ಕಡಿಮೆ. ಇವತ್ತಿಗೂ ಎಷ್ಟೋ ಆಫೀಸುಗಳಲ್ಲಿ ಕ್ಯೂಆರ್ ಕೋಡ್ ಇರುವ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡು, ಸ್ಕೇಲ್ ಇಟ್ಟು ಸಾಲು ಸಾಲಾಗಿ ಟೈಪ್ ಮಾಡುವವರನ್ನು ನೋಡುತ್ತೇನೆ. ಅವರ ಕಣ್ಣಿನ ಶ್ರಮ ನೋಡಿ ಸಂಕಟವಾಗುತ್ತದೆ.

ಒಂದು ಅಪಾಯವನ್ನು ಇಲ್ಲಿಯೇ ಹೇಳಬೇಕು. ಅಂಕಿ ಹುಟ್ಟುವಾಗಲೇ ತಪ್ಪಾಗಿದ್ದರೆ, ಆಟೊಮೇಷನ್ ಆ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ತಲುಪಿಸುತ್ತದೆ. ಡೇರಿಯ ಹಾಲು ಪರೀಕ್ಷೆ ಯಂತ್ರವನ್ನು ದಿನವೂ ತೊಳೆಯದಿದ್ದರೆ, ಆಗಾಗ ಸರಿಹೊಂದಿಸದಿದ್ದರೆ ಒಳಗೆ ಕೊಬ್ಬು ಕಟ್ಟಿ ಓದು ಕೆಡುತ್ತದೆ. ಆಗ ಇಡೀ ಊರಿನ ಫ್ಯಾಟು ಒಟ್ಟಿಗೇ ತಪ್ಪುತ್ತದೆ, ಅದೂ ಚಂದದ ಮುದ್ರಿತ ಚೀಟಿಯಲ್ಲಿ. ಕೈಬರಹದ ತಪ್ಪನ್ನು ರೈತ ಅನುಮಾನಿಸುತ್ತಾನೆ, ಜಗಳ ಮಾಡುತ್ತಾನೆ. ಮುದ್ರಿತ ತಪ್ಪಿನ ಎದುರು ಸುಮ್ಮನಾಗುತ್ತಾನೆ.

ಜಗತ್ತಿನ ಮಟ್ಟದಲ್ಲಿ ಇದರ ತುಂಬ ದುಬಾರಿ ಪಾಠವೊಂದು ಕೆನಡಾದಲ್ಲಿ ನಡೆಯಿತು. ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿ ಟಾರ್ಗೆಟ್ 2013ರ ಮಾರ್ಚಿನಲ್ಲಿ ಕೆನಡಾಕ್ಕೆ ಕಾಲಿಟ್ಟು, ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಳಿಗೆ ತೆರೆಯಿತು. ಹೊಸ ದೇಶಕ್ಕೆ ಹೊಸ ಸಾಫ್ಟ್‌ವೇರ್. ಸಾವಿರಾರು ವಸ್ತುಗಳ ವಿವರವನ್ನು ಗಡಿಬಿಡಿಯಲ್ಲಿ ಕೈಯಿಂದ ತುಂಬಿದರು. ಸೆಂಟಿಮೀಟರ್ ಇರಬೇಕಾದಲ್ಲಿ ಇಂಚು, ಉದ್ದದ ಜಾಗದಲ್ಲಿ ಅಗಲ. ಪೆಟ್ಟಿಗೆಯೊಂದರಲ್ಲಿ ಎಷ್ಟು ಹಿಡಿಯುತ್ತದೆ, ಲಾರಿಯಲ್ಲಿ ಎಷ್ಟು ಪೆಟ್ಟಿಗೆ, ಕಪಾಟಿನಲ್ಲಿ ಎಷ್ಟು ಸಾಲು ಎಂಬ ಲೆಕ್ಕವೆಲ್ಲ ಈ ಅಂಕಿಗಳ ಮೇಲೆ ನಿಂತದ್ದು. ಆ ದಾಖಲೆಯಲ್ಲಿ ಸರಿ ಇದ್ದದ್ದು ನೂರಕ್ಕೆ ಸುಮಾರು 30 ಮಾತ್ರ ಎಂದು ಆಮೇಲೆ ಪತ್ರಿಕಾ ವರದಿಯೊಂದು ಹೊರಗೆಡವಿತು. ಉಗ್ರಾಣದಲ್ಲಿ ಸರಕು ಉಕ್ಕುತ್ತಿತ್ತು, ಮಳಿಗೆಯ ಕಪಾಟು ಖಾಲಿ ಇರುತ್ತಿತ್ತು. 2015ರ ಜನವರಿಯಲ್ಲಿ ಕಂಪನಿ 133 ಮಳಿಗೆಗಳನ್ನೂ ಮುಚ್ಚುವುದಾಗಿ ಘೋಷಿಸಿತು. ಸುಮಾರು 17,600 ಜನರ ಕೆಲಸ ಹೋಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಅಳತೆಯ ಕೋಲೇ ತಪ್ಪಾಗಿದ್ದಾಗ ಸಾಫ್ಟ್‌ವೇರ್ ಏನು ಮಾಡೀತು?

ನಮ್ಮ ಏಜೆನ್ಸಿಯಲ್ಲಿಯೂ ಇದರ ಸಣ್ಣ ರೂಪ ಇತ್ತು. ಒಂದೇ ಸೋಪು ಕಂಪ್ಯೂಟರಿನಲ್ಲಿ ನಾಲ್ಕು ಹೆಸರಲ್ಲಿ ಇತ್ತು. ಒಂದರಲ್ಲಿ ತೂಕ ಸೇರಿ, ಇನ್ನೊಂದರಲ್ಲಿ ತೂಕ ಇಲ್ಲದೆ, ಮತ್ತೊಂದರಲ್ಲಿ ಕಾಗುಣಿತ ತಪ್ಪಾಗಿ, ನಾಲ್ಕನೆಯದು ಹಳೆಯ ದರದ್ದು. ನಾಲ್ಕರಲ್ಲಿಯೂ ಸ್ವಲ್ಪ ಸ್ವಲ್ಪ ಸ್ಟಾಕ್ ಹಂಚಿಹೋಗಿ, ಗೋಡೌನಿನಲ್ಲಿ ಸೋಪು ಎದುರಿಗೇ ಇದ್ದರೂ ಕಂಪ್ಯೂಟರ್ ಇಲ್ಲ ಎನ್ನುತ್ತಿತ್ತು. ಇದನ್ನು ಸರಿಮಾಡಲು ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. ಮೂರು ಭಾನುವಾರ ಬಾಗಿಲು ಹಾಕಿಕೊಂಡು, ಒಬ್ಬರು ಎಣಿಸಿ ಹೇಳಿ, ಒಬ್ಬರು ಪಟ್ಟಿ ತಿದ್ದಿ, ಒಂದು ವಸ್ತುವಿಗೆ ಒಂದೇ ಹೆಸರು ಎಂದು ಮಾಡಿದೆವು. ಆಟೊಮೇಷನ್ನಿನ ಅತಿ ಬೇಸರದ ಕೆಲಸ ಇದು, ಎಲ್ಲರೂ ಹಾರಿಸುವ ಕೆಲಸವೂ ಇದೇ.

ಅಂಕಿ ಹುಟ್ಟುವಾಗಲೇ ಅದನ್ನು ಕಾಯುವ ಒಂದು ಸೊಗಸಾದ ಉಪಾಯ ನಮ್ಮ ಅಡುಗೆಮನೆಯ ಪ್ರತಿ ಪೊಟ್ಟಣದ ಮೇಲೂ ಇದೆ. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದನ್ನು ಸ್ಕ್ಯಾನ್ ಮಾಡಿದಲ್ಲಿಂದ ಶುರುವಾದ ಬಾರ್‌ಕೋಡ್ ಅದು. ನಮ್ಮ ದೇಶದಲ್ಲಿ ನೋಂದಾಯಿಸಿದ ಕಂಪನಿಗಳ ಬಾರ್‌ಕೋಡ್ ಸಂಖ್ಯೆ 890ರಿಂದ ಶುರುವಾಗುತ್ತದೆ. ಒಟ್ಟು ಹದಿಮೂರು ಅಂಕಿ. ಅದರಲ್ಲಿ ಕೊನೆಯದು ಸರಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೊದಲ ಹನ್ನೆರಡು ಸರಿ ಇವೆಯೇ ಎಂದು ನೋಡುವ ಕಾವಲುಗಾರ ಅದು. ಉದಾಹರಣೆಗೆ 890123456789 ಎಂಬ ಹನ್ನೆರಡನ್ನು ತೆಗೆದುಕೊಳ್ಳಿ. ಒಂದು, ಮೂರು, ಐದು ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಿ: 8, 0, 2, 4, 6, 8 ಸೇರಿ 28. ಸಮ ಸ್ಥಾನದವು 9, 1, 3, 5, 7, 9 ಸೇರಿ 34. ಅದನ್ನು ಮೂರರಿಂದ ಗುಣಿಸಿದರೆ 102. ಎರಡೂ ಸೇರಿ 130. ಇದನ್ನು ಹತ್ತರಿಂದ ಭಾಗವಾಗುವ ಸಂಖ್ಯೆ ಮಾಡಲು ಇನ್ನೆಷ್ಟು ಬೇಕು? ಸೊನ್ನೆ. ಹಾಗಾಗಿ ಹದಿಮೂರನೆಯ ಅಂಕಿ 0.

ಈಗ ಕೈ ತಪ್ಪಿ ನಡುವಿನ 45 ಅನ್ನು 54 ಎಂದು ಕುಟ್ಟಿದಿರಿ ಎನ್ನಿ. ಬೆಸ ಸ್ಥಾನದ ಮೊತ್ತ 29 ಆಗುತ್ತದೆ, ಸಮ ಸ್ಥಾನದ್ದು 33, ಅದರ ಮೂರು ಪಟ್ಟು 99, ಒಟ್ಟು 128. ಕಾವಲಂಕಿ 2 ಇರಬೇಕಿತ್ತು, ಇರುವುದು 0. ಯಂತ್ರ ಅಲ್ಲೇ ತಡೆಯುತ್ತದೆ. ಒಂದು ಅಂಕಿ ಬದಲಾದರೆ ಖಂಡಿತ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಎರಡು ಅದಲು ಬದಲಾದರೆ, ಅವೆರಡರ ವ್ಯತ್ಯಾಸ ಐದಲ್ಲದಿದ್ದರೆ, ಅದೂ ಸಿಗುತ್ತದೆ. 29ರಿಂದ ಶುರುವಾಗುವ ನಮ್ಮ ರಾಜ್ಯದ ಜಿಎಸ್‌ಟಿ ನಂಬರಿನ ಹದಿನೈದನೆಯ ಅಕ್ಷರವೂ ಇಂಥದೇ ಕಾವಲುಗಾರ. ನಮ್ಮ ಇಪ್ಪತ್ತು ಕೇಸಿನ ಜೊತೆ ಇಂಥದೊಂದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಹಳೆಯ ತಲೆಯ ವ್ಯಾಪಾರಿಗಳಿಗೆ ಇದು ಗೊತ್ತಿತ್ತು. ಫೋನಿನಲ್ಲಿ ಅವರು "ಇಪ್ಪತ್ತು, ಎರಡು ಸೊನ್ನೆ" ಎಂದು ಎರಡು ಸಲ ಹೇಳಿ, ಆ ಕಡೆಯವನ ಬಾಯಲ್ಲೂ ಹೇಳಿಸುತ್ತಿದ್ದರು. ನಾನು ಹೊಸಬ, ಹೇಳಿಸಲಿಲ್ಲ.

ತಡೆಯುವ ಯಂತ್ರ ಎಂದೆ. ಇದರ ಕಥೆ ಮಗ್ಗದಿಂದ ಬಂದದ್ದು. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ತುಂಡಾದೊಡನೆ ತಾನೇ ನಿಲ್ಲುತ್ತಿತ್ತು. ಹಾಗೆ ನಿಲ್ಲಲು ಬಾರದ ವೇಗದ ಮಗ್ಗಗಳು ಒಂದೆಳೆ ಹೋದರೂ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುತ್ತಲೇ ಹೋಗುತ್ತಿದ್ದವು. ಅಂಥ ಮಗ್ಗದ ಪಕ್ಕ ಒಬ್ಬರು ಎಳೆ ನೋಡುತ್ತ ನಿಲ್ಲಬೇಕಿತ್ತು. ತಪ್ಪಾದಾಗ ನಿಲ್ಲಲು ಕಲಿತ ಮಗ್ಗಗಳನ್ನು ಒಬ್ಬರೇ ಹಲವಾರು ನೋಡಿಕೊಳ್ಳುವಂತಾಯಿತು. ಆ ಕುಟುಂಬವೇ ಮುಂದೆ ಕಾರು ಮಾಡಿತು, ಆ ವಿಚಾರವನ್ನೂ ಕಾರ್ಖಾನೆಗೆ ಒಯ್ದಿತು. ಬಿಡದಿಯ ಟೊಯೋಟಾ ಕಾರ್ಖಾನೆಗೆ ಬಂದಿರುವುದೂ ಅದೇ ಪದ್ಧತಿ. ಹತ್ತಿ ಗಿರಣಿಗಳ ಸೈರನ್ನಿಗೆ ಎದ್ದು ಮಲಗುತ್ತಿದ್ದ ದಾವಣಗೆರೆಯ ಹಳಬರಿಗೆ ಒಂದೆಳೆ ತಪ್ಪಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಏಜೆನ್ಸಿಯ ಲೆಕ್ಕದಲ್ಲಿ ಆ ಎಳೆ ಎಂದರೆ ಮೂರು ಕಾಗದ. ನಾವು ಕಳಿಸಿದ ಆರ್ಡರ್, ಗೋಡೌನಿನಲ್ಲಿ ಇಳಿದ ಮಾಲಿನ ಎಣಿಕೆ, ಕಂಪನಿ ಕಳಿಸಿದ ಬಿಲ್. ಮೂರೂ ಹೊಂದಿದರೆ ದುಡ್ಡು ಕಳಿಸು, ಹೊಂದದಿದ್ದರೆ ನಿಲ್ಲಿಸು. ಕೈಯಲ್ಲಿ ಮಾಡುವಾಗ ಹೊಂದುವ ತೊಂಬತ್ತು ಬಿಲ್ಲುಗಳನ್ನು ನೋಡುವುದರಲ್ಲೇ ಗುಮಾಸ್ತನ ಹೊತ್ತು ಹೋಗಿ, ಹೊಂದದ ಹತ್ತು ಬಿಲ್ಲುಗಳ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಸಾಫ್ಟ್‌ವೇರ್ ಈ ಹಂಚಿಕೆಯನ್ನು ತಿರುಗಿಸುತ್ತದೆ. ತೊಂಬತ್ತನ್ನು ತಾನು ದಾಟಿಸಿ, ಹತ್ತನ್ನು ಮನುಷ್ಯನ ಮುಂದೆ ಇಡುತ್ತದೆ. 24 ಕೇಸಿನ ಬಿಲ್ಲಿಗೆ 23 ಇಳಿದಿದೆ, ಲಾರಿ ರಸೀದಿಯ ಹಿಂದೆ ಶಾರ್ಟೇಜ್ ಬರೆಸಿಕೊಂಡಿದ್ದೀರಾ, ಕ್ರೆಡಿಟ್ ನೋಟ್ ಬಂತೇ ಎಂದು ಕೇಳುತ್ತದೆ. ಮಾವನ ಏಜೆನ್ಸಿಯಲ್ಲಿ ಕೇಳದೆ ಬಿಟ್ಟು ಮುಳುಗಿಹೋದ ಕ್ರೆಡಿಟ್ ನೋಟುಗಳನ್ನು ಒಂದು ವರ್ಷದ ಮಟ್ಟಿಗೆ ಹುಡುಕಿದಾಗ ಬಿಸ್ಕತ್ತಿನ ನಷ್ಟಕ್ಕಿಂತ ದೊಡ್ಡ ಮೊತ್ತ ಸಿಕ್ಕಿತು. ಸ್ಕೀಮಿನ ರಿಯಾಯಿತಿ, ಡ್ಯಾಮೇಜ್, ಎಕ್ಸ್‌ಪೈರಿ ವಾಪಸ್ಸು, ಎಲ್ಲವೂ ಬರಬೇಕಾದದ್ದೇ, ಕೇಳಬೇಕಾದವರಿಗೆ ನೆನಪಿರಲಿಲ್ಲ ಅಷ್ಟೇ.

ಆದರೆ ಮಗ್ಗ ನಿಂತಾಗ ಯಾರಾದರೂ ಬಂದು ಎಳೆ ಕಟ್ಟಬೇಕು. ಆ ಅರ್ಧವನ್ನು ಮರೆತರೆ ಆಟೊಮೇಷನ್ ಕ್ರೂರವಾಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ, ಅಥವಾ ಸರ್ವರ್ ಸಿಗದೆ, ಚೀಲ ಹಿಡಿದು ಗೋಡೆಗೆ ಒರಗಿ ಕೂತವರನ್ನು ನಾವೆಲ್ಲ ನೋಡಿದ್ದೇವೆ. ಕೂಲಿ ಕೆಲಸದಲ್ಲಿ ಬೆರಳಿನ ಗೆರೆ ಸವೆದುಹೋದವರಿಗೇ ಹೆಚ್ಚು ಕಷ್ಟ. ಯಂತ್ರ ನಿಲ್ಲುತ್ತದೆ, "ನಾಳೆ ಬಾರಮ್ಮ" ಎಂಬ ಮಾತು ಬರುತ್ತದೆ. ಬೆರಳಿಗೆ ಬದಲಾಗಿ ಮೊಬೈಲಿಗೆ ಬರುವ ಒಟಿಪಿ, ಅದೂ ಆಗದಿದ್ದರೆ ಸಹಿ ಹಾಕಿ ಕೊಡುವ ಅಧಿಕಾರ ಇರುವ ಒಬ್ಬ ಮನುಷ್ಯ, ಈ ಎರಡನ್ನು ಯಂತ್ರ ಇಡುವ ದಿನವೇ ಇಟ್ಟಿರಬೇಕು. ಅಕ್ಕಿ ಸಿಗದೆ ಒಂದು ದಿನ ಕಳೆಯುವುದು ಯಾವ ಲೆಕ್ಕದ ಶುದ್ಧಿಗೂ ಕೊಡಬಾರದ ಬೆಲೆ.

ಮಾಲು ಮುಗಿಯುವ ಮೊದಲೇ ತಾನಾಗಿ ಆರ್ಡರ್ ಹೋಗುವ ವ್ಯವಸ್ಥೆ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಲೆಕ್ಕ ಸರಳ. ದಿನಕ್ಕೆ 12 ಕೇಸು ಹೋಗುತ್ತದೆ, ಮಾಲು ಬರಲು ನಾಲ್ಕು ದಿನ, ಆಪತ್ತಿಗೆಂದು 20 ಇರಲಿ. ಹನ್ನೆರಡು ನಾಲ್ಕಲ ನಲವತ್ತೆಂಟು, ಜೊತೆಗೆ ಇಪ್ಪತ್ತು, ಒಟ್ಟು 68. ಸ್ಟಾಕ್ 68ಕ್ಕೆ ಇಳಿದ ದಿನ ಆರ್ಡರ್ ಹೋಗಬೇಕು. ವರ್ಷದ ಮುಕ್ಕಾಲು ಪಾಲು ದಿನ ಇದು ಯಾವ ಮ್ಯಾನೇಜರಿಗಿಂತಲೂ ಚೆನ್ನಾಗಿ ನಡೆಯುತ್ತದೆ. ಆದರೆ ಈ ಲೆಕ್ಕಕ್ಕೆ ಗೊತ್ತಿರುವುದು ನಿನ್ನೆ ಮಾತ್ರ. ಜೂನಿನಲ್ಲಿ ಶಾಲೆ ತೆರೆಯುವುದು, ಶ್ರಾವಣದಲ್ಲಿ ಬೆಲ್ಲ ಎಣ್ಣೆ ಹೋಗುವುದು, ಊರಿನ ಜಾತ್ರೆ ಈ ವರ್ಷ ಹದಿನೈದು ದಿನ ಮುಂಚೆ ಬಂದಿರುವುದು ಅದಕ್ಕೆ ತಿಳಿಯದು. ಮಾವ ಪಂಚಾಂಗ ನೋಡಿ ಇಂಡೆಂಟ್ ಹಾಕುತ್ತಿದ್ದರು, ಅದನ್ನು ಬಿಡಬೇಕಾಗಿಲ್ಲ. ಆ 68 ಅನ್ನು ಹಬ್ಬದ ಮೊದಲು 110 ಮಾಡುವ, ಹಬ್ಬ ಮುಗಿದೊಡನೆ ಮರೆಯದೆ ಮತ್ತೆ ಇಳಿಸುವ ಕೆಲಸ ಅವರದೇ. ಇಳಿಸುವುದನ್ನು ಮರೆತವರ ಗೋಡೌನು ದೀಪಾವಳಿಯ ನಂತರ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ.

ಖರ್ಚಿನ ಮಾತಿಗೆ ಬಂದರೆ, ಸಣ್ಣವರು ಹೆದರುವಷ್ಟು ಇಲ್ಲ. ಬಹುಪಾಲು ಏಜೆನ್ಸಿಗಳಲ್ಲಿ ಕಂಪ್ಯೂಟರ್ ಇದೆ, ಲೆಕ್ಕದ ಸಾಫ್ಟ್‌ವೇರ್ ಇದೆ, ಪ್ರತಿ ಸೇಲ್ಸ್‌ಮನ್ ಕಿಸೆಯಲ್ಲಿ ಮೊಬೈಲ್ ಇದೆ. ಇವು ಒಂದರ ಜೊತೆ ಒಂದು ಮಾತಾಡುತ್ತಿಲ್ಲ ಎಂಬುದೇ ತೊಂದರೆ. ನನ್ನನ್ನು ಕೇಳಿದವರಿಗೆ ನಾನು ಹೇಳುವುದು, ಏನನ್ನಾದರೂ ಕೊಳ್ಳುವ ಮೊದಲು ಒಂದು ವಾರ ಒಂದು ಅಂಕಿಯ ಹಿಂದೆ ನಡೆಯಿರಿ ಎಂದು. ಅದು ಎಷ್ಟು ಪುಸ್ತಕ ಹತ್ತುತ್ತದೆ, ಯಾರು ಓದಿ ಹೇಳುತ್ತಾರೆ, ಯಾರು ಕೇಳಿ ಬರೆಯುತ್ತಾರೆ ಎಂದು ಗುರುತು ಮಾಡಿ. ಅದರಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸುವ ಒಂದು ಜಾಗವನ್ನು ಮಾತ್ರ ಮೊದಲು ಮುಚ್ಚಿ. ಎಲ್ಲವನ್ನೂ ಒಟ್ಟಿಗೆ, ಯುಗಾದಿಯ ದಿನದಿಂದ, ಹೊಸ ಸಾಫ್ಟ್‌ವೇರಿಗೆ ಎತ್ತಿಕೊಂಡುಹೋಗುತ್ತೇವೆ ಎಂದವರಲ್ಲಿ ಸುಖವಾಗಿ ದಡ ಸೇರಿದವರು ನನಗೆ ಕಂಡಿಲ್ಲ.

ಇನ್ನು ಗುಮಾಸ್ತರ ಕೆಲಸ. ಬರೆಯುವ ಕೆಲಸ ಕಡಿಮೆಯಾಗುತ್ತದೆ, ಇದನ್ನು ಮರೆಮಾಚಿ ಮಾತಾಡಬಾರದು. ಕೆಲವು ಮಾಲೀಕರು ಸಾಫ್ಟ್‌ವೇರ್ ಬಂದ ತಿಂಗಳೇ ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಯಾವ ಅಂಗಡಿ ಯಾವಾಗ ದುಡ್ಡು ಕೊಡುತ್ತದೆ, ಯಾವ ಡ್ರೈವರ್ ಎಣಿಸದೆ ಸಹಿ ಹಾಕುತ್ತಾನೆ ಎಂಬುದೆಲ್ಲ ಆ ತಲೆಯೊಳಗೆ ಇದ್ದದ್ದು ಎಂದು ಅವರಿಗೆ ಗೊತ್ತಾಗುವುದು ಆಮೇಲೆ. ಮಾವ ಹಾಗೆ ಮಾಡಲಿಲ್ಲ. ಮೂವತ್ತು ವರ್ಷ ಇಂಡೆಂಟ್ ಪುಸ್ತಕ ಬರೆದ ಗುಮಾಸ್ತರು ಈಗ ಬೆಳಿಗ್ಗೆ ಹತ್ತಕ್ಕೆ ಬಂದು ಹಿಂದಿನ ದಿನ ಹೊಂದದ ಬಿಲ್ಲುಗಳ ಪಟ್ಟಿ ತೆಗೆಯುತ್ತಾರೆ. ಕನ್ನಡಕ ಏರಿಸಿಕೊಂಡು ಒಂದೊಂದಕ್ಕೇ ಫೋನ್ ಮಾಡುತ್ತಾರೆ. ಕಳೆದ ಸಲ ಹೋದಾಗ ಹರಿಹರದ ಅಂಗಡಿಯವರೊಬ್ಬರ ಜೊತೆ ಮಾತಾಡುತ್ತಿದ್ದರು. "ಇಪ್ಪತ್ತೇನ್ರಿ? ಎರಡು ಸೊನ್ನೆ ಇಪ್ಪತ್ತು? ನೀವು ಒಂದ್ ಸಲ ಹೇಳ್ರಿ" ಎಂದು ಕೇಳಿ, ಆ ಕಡೆಯಿಂದ ಉತ್ತರ ಬರುವವರೆಗೆ ಬೆರಳನ್ನು ಕೀಲಿಯ ಮೇಲೆ ಎತ್ತಿ ಹಿಡಿದು ಕಾಯುತ್ತಿದ್ದರು.